ಇನ್ಸುಲಿನ್ ಕೊಟ್ಟರೂ ಬೆಕ್ಕಿನ ಹಸಿವು ತಣಿಯುತ್ತಿಲ್ಲ, ಡೋಸ್ ಏರಿಸಬೇಕೇ?

ಕೋಡಿಬಾಗದ ಕಿಟಕಿ, ಕಾರವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಗಂಡು ಬೆಕ್ಕು ಗುಂಡನಿಗೆ ಒಂಬತ್ತು ವರ್ಷ. ಸಂತಾನಹರಣ ಚಿಕಿತ್ಸೆ ಆಗಿದೆ. ಹೆಸರಿಗೆ ತಕ್ಕ ಹಾಗೆ ಆರೂವರೆ ಕಿಲೋ ತೂಗುತ್ತಿದ್ದವನು ಈ ಮಳೆಗಾಲ ಮುಗಿಯುವ ಹೊತ್ತಿಗೆ ಐದಕ್ಕೆ ಇಳಿದ. ನೀರಿನ ಬಟ್ಟಲು ಎಷ್ಟು ತುಂಬಿಸಿದರೂ ಖಾಲಿ. ಹಿತ್ತಲಿನ ಮರಳಿನಲ್ಲಿ ಅವನು ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುವುದನ್ನು ಮೊದಲು ಕಂಡವರು ನಮ್ಮ ಅತ್ತೆ. "ಇವನಿಗೂ ನನ್ನದೇ ಕಾಯಿಲೆ" ಎಂದು ನಕ್ಕರು. ರಕ್ತ ಪರೀಕ್ಷೆಯಲ್ಲಿ ಅದೇ ಬಂತು.

ಈಗ ಗ್ಲಾರ್ಜಿನ್ ಇನ್ಸುಲಿನ್, ಬೆಳಿಗ್ಗೆ ಏಳಕ್ಕೆ ಮತ್ತು ರಾತ್ರಿ ಏಳಕ್ಕೆ. ಒಂದು ಯೂನಿಟ್‌ನಿಂದ ಶುರುವಾದದ್ದು ಮೂರಕ್ಕೆ ಬಂದು ನಿಂತಿದೆ. ಪ್ರತಿ ಭೇಟಿಯಲ್ಲೂ ಡಾಕ್ಟರು "ಹಸಿವು ಇಳಿಯಿತೇ" ಎಂದು ಕೇಳುತ್ತಾರೆ, ನಾನು "ಇಲ್ಲ" ಎನ್ನುತ್ತೇನೆ, ಅರ್ಧ ಯೂನಿಟ್ ಮೇಲಕ್ಕೆ ಹೋಗುತ್ತದೆ.

ಹಸಿವು ಎಂದರೆ ಎಂಥ ಹಸಿವು ಎಂದು ಹೇಳಬೇಕು. ಸಿಂಕಿನಲ್ಲಿ ನೆನೆಹಾಕಿದ ಬಾಣಲೆಯನ್ನು ನೆಕ್ಕುತ್ತಾನೆ. ಮೀನಿನ ಬುಟ್ಟಿಯ ಮೇಲೆ ಕಲ್ಲು ಹೇರಿದರೆ ಕಲ್ಲನ್ನೇ ತಳ್ಳುತ್ತಾನೆ. ಮೊನ್ನೆ ತೆಂಗಿನಕಾಯಿ ತುರಿ ತಿಂದ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಅಡುಗೆ ಮನೆಯ ಬಾಗಿಲಲ್ಲಿ ಕೂತು ಕೂಗಲು ಶುರುಮಾಡಿದರೆ ಪಕ್ಕದ ಮನೆಯವರು ಬಂದು ವಿಚಾರಿಸುತ್ತಾರೆ. ಅತ್ತೆಗೆ ಕರುಣೆ ಬಂದು ಗಂಜಿಯ ಅನ್ನಕ್ಕೆ ಬಂಗಡೆಯ ಚೂರು ಕಲಸಿ ಹಾಕುತ್ತಾರೆ. ಬೇಡ ಎಂದರೆ ನಾನು ಕಟುಕಿ.

ಮುಂದಿನ ವಾರ ಮೂರೂವರೆ ಮಾಡೋಣ ಎಂದಿದ್ದಾರೆ. ಏಕೋ ಮನಸ್ಸು ಒಪ್ಪುತ್ತಿಲ್ಲ. ಸಕ್ಕರೆ ಕಾಯಿಲೆಯ ಬೆಕ್ಕು ಸಾಕಿದವರು ಈ ಜಿಲ್ಲೆಯಲ್ಲಿ ಯಾರಾದರೂ ಇದ್ದೀರಾ?


ಬಂದರು ಗಾಳಿ, ಬೈತಖೋಲ

ಬೆಕ್ಕಿಗೂ ಇನ್ಸುಲಿನ್! ನಮ್ಮ ಬಂದರಿನ ಧಕ್ಕೆಯಲ್ಲಿ ನೂರಾರು ಬೆಕ್ಕುಗಳಿವೆ, ಒಂದಕ್ಕೂ ಸಕ್ಕರೆ ಇಲ್ಲ. ಮನೆಯೊಳಗೆ ಕೂರಿಸಿ ತಿನ್ನಿಸಿದರೆ ಇನ್ನೇನಾದೀತು.


ತೋಟದ ಬೇಲಿ, ಶಿರಸಿ

ಬಂದರಿನವರೇ, ಧಕ್ಕೆಯ ಬೆಕ್ಕಿಗೆ ಸಕ್ಕರೆ ಬಂದರೆ ಅದನ್ನು ಅಳೆಯುವವರು ಯಾರು? ನಾಲ್ಕು ತಿಂಗಳು ಒಣಗಿ ಯಾವುದೋ ದೋಣಿಯ ಕೆಳಗೆ ಸಾಯುತ್ತದೆ, ಲೆಕ್ಕಕ್ಕೇ ಸಿಗುವುದಿಲ್ಲ. ಆದರೆ ನಿಮ್ಮ ಮಾತಿನ ಎರಡನೆಯ ಅರ್ಧ ಸರಿ. ಮೈ ಬೆಳೆದ, ಸಂತಾನಹರಣವಾದ, ವಯಸ್ಸಾದ ಗಂಡು ಬೆಕ್ಕು, ಅದೂ ಹೊರಗೆ ತಿರುಗದ್ದು ಎಂದರೆ ಈ ಕಾಯಿಲೆಗೆ ಹೇಳಿ ಮಾಡಿಸಿದ ಗಿರಾಕಿ. ಚರ್ಮದ ತುರಿಕೆಗೆಂದು ಪದೇ ಪದೇ ಸ್ಟೆರಾಯ್ಡ್ ಚುಚ್ಚಿಸಿದ್ದರೆ ಇನ್ನೂ ಬೇಗ.

ಕೋಡಿಬಾಗದ ಅಕ್ಕ, ನಮ್ಮ ಸೋಮನಿಗೂ ಇದೇ ಆಗಿತ್ತು. ನಮ್ಮದು ಸಸ್ಯಾಹಾರದ ಮನೆ. ಅವನ ಊಟ ಹುಟ್ಟಿದಾಗಿನಿಂದ ಹಾಲನ್ನ, ಮಜ್ಜಿಗೆ ಅನ್ನ, ಮೇಲೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರದ ಕಾಳು. ಇಲಿಯೊಂದು ಸಿಕ್ಕಿದ ದಿನ ಅವನಿಗೆ ಹಬ್ಬ. ಅನ್ನ ತಿಂದೇ ಬೆಳೆದ ಬೆಕ್ಕಿಗೆ ಅನ್ನವೇ ಮುಳುವು ಎಂದು ನಮ್ಮ ಆಯಿಗೆ ಒಪ್ಪಿಸುವುದಕ್ಕಿಂತ ಸೂಜಿ ಚುಚ್ಚುವುದು ಸುಲಭವಿತ್ತು.

ನಿಮ್ಮ ಬರಹದಲ್ಲಿ ಒಂದು ಅಂಕಿಯೂ ಇಲ್ಲ. ಮನೆಯಲ್ಲಿ ರಕ್ತದ ಸಕ್ಕರೆ ಅಳೆಯುತ್ತಿದ್ದೀರಾ? ಆಸ್ಪತ್ರೆಯಲ್ಲಿ ಅಳೆದದ್ದನ್ನು ನಂಬಿ ಡೋಸ್ ಏರಿಸಬಾರದು. ಬೆಕ್ಕು ಹೆದರಿದರೆ ಆ ಹೆದರಿಕೆಗೇ ಸಕ್ಕರೆ ಮುನ್ನೂರು ದಾಟಬಲ್ಲದು. ಬುಟ್ಟಿಯಲ್ಲಿ ಮುಚ್ಚಿ, ಬಸ್ಸಿನಲ್ಲಿ ಕುಲುಕಿಸಿ, ನಾಯಿಗಳ ಮಧ್ಯೆ ಕೂರಿಸಿ ಅಳೆದರೆ ಸಿಗುವುದು ಗಾಬರಿಯ ಲೆಕ್ಕ.

ಕಿವಿಯಲ್ಲಿ ಅಳೆಯುವುದು ಹೀಗೆ. ಕಿವಿಯ ಹೊರ ಅಂಚಿನಲ್ಲಿ ತೆಳ್ಳಗೆ ಒಂದು ರಕ್ತನಾಳ ಓಡುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಒಂದು ಚಿಕ್ಕ ಬಟ್ಟೆಯ ಗಂಟಿನಲ್ಲಿ ಬೆಚ್ಚಗೆ ಮಾಡಿದ ಅಕ್ಕಿ ಕಟ್ಟಿ ಕಿವಿಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಿಸಿ ಎಷ್ಟಿದೆ ಎಂದು ಮೊದಲು ನಿಮ್ಮ ಮಣಿಕಟ್ಟಿನ ಮೇಲೆ ನೋಡಿಕೊಳ್ಳಿ. ಕಿವಿಯ ಒಳಬದಿಗೆ ಮಡಚಿದ ಹತ್ತಿ ಇಟ್ಟು ಹೊರಗಿನಿಂದ ಆ ನಾಳದ ಪಕ್ಕಕ್ಕೆ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಬರುತ್ತದೆ. ಸಕ್ಕರೆ ಅಳೆಯುವ ಯಂತ್ರದ ಪಟ್ಟಿಯ ತುದಿ ತಾಗಿಸಿದರೆ ಅದೇ ಹೀರಿಕೊಳ್ಳುತ್ತದೆ. ಆಮೇಲೆ ಅರ್ಧ ನಿಮಿಷ ಹತ್ತಿ ಒತ್ತಬೇಕು, ಇಲ್ಲವಾದರೆ ಕಿವಿ ನೀಲಿಗಟ್ಟುತ್ತದೆ. ಒಂದು ಚೂರು ಕೋಳಿಮಾಂಸ ಲಂಚ. ಸೋಮ ಕೊನೆಕೊನೆಗೆ ಯಂತ್ರದ ಚೀಲದ ಜಿಪ್ ಸದ್ದಿಗೇ ಓಡಿ ಬಂದು ಕೂರುತ್ತಿದ್ದ.


ಗುಳಿಗೆ ಡಬ್ಬಿ, ಕುಮಟಾ

ನಾನು ಔಷಧದ ಅಂಗಡಿಯವನು. ಡೋಸ್ ವಿಚಾರ ಡಾಕ್ಟರದು, ಅದರಲ್ಲಿ ತಲೆ ಹಾಕುವುದಿಲ್ಲ. ನನ್ನದು ಒಂದೇ ಪ್ರಶ್ನೆ: ನಿಮ್ಮ ಸಿರಿಂಜಿನ ಟೋಪಿ ಯಾವ ಬಣ್ಣ?

ಹೊರದೇಶದವರು ಬರೆದದ್ದನ್ನು ಓದಿದರೆ ಈ ತೊಡಕು ಅರ್ಥವಾಗುವುದಿಲ್ಲ. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಒಟ್ಟಿಗೆ ಮಾರಾಟವಾಗುತ್ತದೆ. ಹಳೆಯ ಬಗೆಯ ಸೀಸೆಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್, ಅದರ ಸಿರಿಂಜಿಗೆ ಕೆಂಪು ಟೋಪಿ. ಗ್ಲಾರ್ಜಿನ್ ಮಿಲಿಲೀಟರಿಗೆ 100 ಯೂನಿಟ್, ಅದರ ಸಿರಿಂಜಿಗೆ ಕಿತ್ತಳೆ ಟೋಪಿ. ಗ್ಲಾರ್ಜಿನ್ ಅನ್ನು ಕೆಂಪು ಟೋಪಿಯ ಸಿರಿಂಜಿನಲ್ಲಿ 2ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 5 ಯೂನಿಟ್. ಮನುಷ್ಯನಿಗೇ ಅಪಾಯ, ಐದು ಕಿಲೋದ ಪ್ರಾಣಿಗೆ ಕೇಳುವುದೇ ಬೇಡ. ಅದಲುಬದಲಾದರೆ, ಅಂದರೆ 40ರ ಔಷಧವನ್ನು ಕಿತ್ತಳೆ ಟೋಪಿಯದರಲ್ಲಿ ಎಳೆದರೆ, 2 ಎಂದುಕೊಂಡದ್ದು 0.8 ಆಗುತ್ತದೆ. ಆಗ "ಇನ್ಸುಲಿನ್ ಕೊಟ್ಟರೂ ಕೆಲಸ ಮಾಡುತ್ತಿಲ್ಲ" ಎಂಬ ದೂರು ಬರುತ್ತದೆ.

ಸೀಸೆಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇರಬೇಕು. ಅಂಗಡಿಯಲ್ಲಿ ಅವಸರದಲ್ಲಿ ಏನು ಕೊಟ್ಟರೂ ಮನೆಗೆ ಹೋಗಿ ನೋಡಿಕೊಳ್ಳಿ.


ಕೋಡಿಬಾಗದ ಕಿಟಕಿ, ಕಾರವಾರ

ನೋಡಿದೆ. ಸೀಸೆ 100, ಟೋಪಿ ಕಿತ್ತಳೆ. ಅದು ಸರಿ ಇದೆ.

ರಕ್ತ ಅಳೆಯುವ ಯಂತ್ರ ಅತ್ತೆಯದು ಮನೆಯಲ್ಲೇ ಇದೆ. ಅದನ್ನು ಬೆಕ್ಕಿಗೆ ಬಳಸಬಹುದೇ? ಹಾಗೆಯೇ ಇನ್ನೊಂದು. ಅತ್ತೆಯ ಇನ್ಸುಲಿನ್ 30/70 ಎಂಬ ಬಗೆಯದು, ಸರ್ಕಾರಿ ಆಸ್ಪತ್ರೆಯಿಂದ ಬರುತ್ತದೆ. ಗುಂಡನಿಗೂ ಅದೇ ಸಾಕಲ್ಲ, ಇಷ್ಟು ದುಡ್ಡು ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ.


ಶರಾವತಿ ಪಶುವೈದ್ಯ, ಹೊನ್ನಾವರ

ಅತ್ತೆಯ ಔಷಧ ಅತ್ತೆಗೇ ಇರಲಿ. ಬೆಕ್ಕಿನ ಮೈಯಲ್ಲಿ ಇನ್ಸುಲಿನ್ ಮನುಷ್ಯರಲ್ಲಿಗಿಂತ ಬೇಗ ಖರ್ಚಾಗುತ್ತದೆ. 30/70 ಎಂದರೆ ಬೇಗ ಕೆಲಸ ಮಾಡುವ ಮತ್ತು ಸ್ವಲ್ಪ ನಿಧಾನದ ಇನ್ಸುಲಿನ್‌ಗಳ ಮಿಶ್ರಣ. ಅದು ಬೆಕ್ಕಿನಲ್ಲಿ ಸಕ್ಕರೆಯನ್ನು ಒಮ್ಮೆಲೇ ಕೆಳಗೆ ಬೀಳಿಸಿ ಕೆಲವೇ ಗಂಟೆಯಲ್ಲಿ ಕೈ ಬಿಡುತ್ತದೆ. ಬೆಕ್ಕಿಗೆ ನಿಧಾನ ಕೆಲಸ ಮಾಡುವ ಗ್ಲಾರ್ಜಿನ್, ಪಿಝಡ್ಐ (ಪ್ರೋಟಮಿನ್ ಝಿಂಕ್ ಇನ್ಸುಲಿನ್) ಬಗೆಯವು, ಅದೂ ದಿನಕ್ಕೆ ಎರಡು ಬಾರಿ.

ಯಂತ್ರ ಬಳಸಬಹುದು. ಮನುಷ್ಯರ ಯಂತ್ರ ಬೆಕ್ಕಿನ ರಕ್ತದಲ್ಲಿ ಇರುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಒಂದೇ ಯಂತ್ರವನ್ನು ಕೊನೆಯವರೆಗೆ ಬಳಸಿದರೆ ಏರಿಳಿತ ತಿಳಿಯಲು ಸಾಕು.

ಇನ್ನು ಹಸಿವಿನ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಮಂದಿ ಹಸಿವನ್ನೇ ಅಳತೆಗೋಲು ಮಾಡಿಕೊಂಡು ತೊಂದರೆಗೆ ಸಿಕ್ಕುತ್ತಾರೆ.

ಇನ್ಸುಲಿನ್ ಸಾಲದಿದ್ದಾಗ ತಿಂದದ್ದು ರಕ್ತದಲ್ಲೇ ಸುತ್ತುತ್ತದೆ, ಸ್ನಾಯುವಿಗೆ ಇಳಿಯುವುದಿಲ್ಲ. ರಕ್ತದ ಸಕ್ಕರೆ ಸುಮಾರು 250ರಿಂದ 290 ದಾಟಿದರೆ ಬೆಕ್ಕಿನ ಮೂತ್ರಪಿಂಡ ಅದನ್ನು ತಡೆಹಿಡಿಯಲಾರದು, ಮೂತ್ರದಲ್ಲಿ ಹರಿದುಹೋಗುತ್ತದೆ. ನಿಮ್ಮ ಹಿತ್ತಲಿನ ಇರುವೆಗಳಿಗೆ ಸಿಕ್ಕಿದ್ದು ಅದೇ. ತಿಂದ ಕ್ಯಾಲೊರಿಯ ಒಂದು ಪಾಲು ಮರಳಿಗೆ ಹೋಗುತ್ತಿದೆ ಎಂದ ಮೇಲೆ ಪ್ರಾಣಿ ಹೆಚ್ಚು ಕೇಳುವುದು ಸಹಜ. ಜೊತೆಗೆ ಹೊಟ್ಟೆ ತುಂಬಿತು ಎಂದು ತಿಳಿಯುವ ಮಿದುಳಿನ ಭಾಗಕ್ಕೂ ಇನ್ಸುಲಿನ್ನಿನ ಸುಳಿವು ಬೇಕು. ಅದು ಸಿಗದೆ, ತಿಂದು ಮುಗಿಸಿದ ಕೂಡಲೇ ಬೆಕ್ಕು ಮತ್ತೆ ಕೂಗುತ್ತದೆ. ಅದು ನಟನೆಯಲ್ಲ, ಚಟವಲ್ಲ.

ಆದರೆ ಸಕ್ಕರೆ ತೀರಾ ಕೆಳಗೆ ಬಿದ್ದಾಗಲೂ ಬೆಕ್ಕು ಹಸಿವಿನಿಂದಲೇ ಕೂಗುತ್ತದೆ! ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಂದರಲ್ಲಿ ಇನ್ಸುಲಿನ್ ಸಾಲದು, ಇನ್ನೊಂದರಲ್ಲಿ ಹೆಚ್ಚಾಗಿದೆ. "ಹಸಿವು ಇಳಿಯಿತೇ" ಎಂಬ ಒಂದೇ ಪ್ರಶ್ನೆಯ ಮೇಲೆ ಡೋಸ್ ಏರಿಸುತ್ತ ಹೋದರೆ ಎರಡನೆಯ ಬಗೆಯ ಬೆಕ್ಕು ಒಂದು ದಿನ ಅಪಸ್ಮಾರ ಬಂದು ಬೀಳುತ್ತದೆ.

ಗುಂಡ ದಿನವಿಡೀ ಕೇಳಿದರೂ ಮಧ್ಯಾಹ್ನ ಒಂದು ಗಂಟೆಗೆ ಅವನ ಕೂಗು ಬೇರೆಯೇ ಆಗುತ್ತದೆ ಎಂದಿದ್ದೀರಿ. ಬೆಳಿಗ್ಗೆ ಏಳಕ್ಕೆ ಚುಚ್ಚಿದ್ದಕ್ಕೆ ಅದು ಆರನೆಯ ಗಂಟೆ. ಗ್ಲಾರ್ಜಿನ್ ಪಡೆದ ಬೆಕ್ಕಿನ ಸಕ್ಕರೆ ತಳ ಮುಟ್ಟುವುದು, ಅಂದರೆ ಅತಿ ಕೆಳಗೆ ಇಳಿಯುವುದು, ಸಾಮಾನ್ಯವಾಗಿ ಆ ಹೊತ್ತಿನ ಆಸುಪಾಸಿನಲ್ಲೇ. ಡೋಸ್ ಏರಿಸುವ ಮೊದಲು ಒಂದು ಇಡೀ ದಿನ ಎರಡೆರಡು ಗಂಟೆಗೆ ಅಳೆದು ಬರೆದಿಡಿ. ಬರೆದದ್ದನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ನಾನು ಇಲ್ಲಿಂದ ಡೋಸ್ ಹೇಳುವುದಿಲ್ಲ, ಯಾರಾದರೂ ಹೇಳಿದರೆ ಕೇಳಲೂ ಬೇಡಿ. ಅಲ್ಲಿಯವರೆಗೆ ಏರಿಸುವುದಂತೂ ಬೇಡ.


ಹಳೇ ಮನೆ, ಸಿದ್ದಾಪುರ

ಇಷ್ಟೆಲ್ಲ ಯಾಕೆ? ಹಾಗಲಕಾಯಿ ರಸ, ಅಮೃತಬಳ್ಳಿ ಕಷಾಯ, ನೆನೆಸಿದ ಮೆಂತೆ. ನನ್ನ ಸಕ್ಕರೆ ಇದರಲ್ಲೇ ಹಿಡಿತದಲ್ಲಿದೆ. ಬೆಕ್ಕಿಗೆ ಎರಡು ಚಮಚ ಸಾಕು.


ತೋಟದ ಬೇಲಿ, ಶಿರಸಿ

ಅಣ್ಣ, ಬೆಕ್ಕಿಗೆ ಹಾಗಲಕಾಯಿ ರಸ ಕುಡಿಸಿದ ಮೇಲೆ ನಿಮ್ಮ ಕೈಯ ಚಿತ್ರವನ್ನು ಇಲ್ಲಿ ಹಾಕಿ, ನೋಡೋಣ.


ಶರಾವತಿ ಪಶುವೈದ್ಯ, ಹೊನ್ನಾವರ

ನಗುವ ಮಾತಾದರೂ ಒಂದು ಎಚ್ಚರಿಕೆ ಬೇಕು. ಇನ್ಸುಲಿನ್ ಬಿಟ್ಟು ಕಷಾಯಕ್ಕೆ ಇಳಿದರೆ ರಕ್ತದಲ್ಲಿ ಕೀಟೋನ್ (ದೇಹದ ಕೊಬ್ಬು ಒಡೆದು ಹುಟ್ಟುವ ಆಮ್ಲ) ಏರುತ್ತದೆ. ಇಷ್ಟು ದಿನ ಅನ್ನಕ್ಕೆ ಅಳುತ್ತಿದ್ದ ಬೆಕ್ಕು ಒಮ್ಮೆಲೇ ತಟ್ಟೆಯಿಂದ ಮುಖ ತಿರುಗಿಸಿದರೆ, ವಾಂತಿ ಮಾಡಿಕೊಂಡು ಮೂಲೆ ಸೇರಿದರೆ, ಬಾಯಿಯಿಂದ ಉಗುರು ಬಣ್ಣ ತೆಗೆಯುವ ದ್ರಾವಣದ ವಾಸನೆ ಬಂದರೆ ಅದೇ ದಿನ ಆಸ್ಪತ್ರೆಗೆ. ಸಕ್ಕರೆ ಕಾಯಿಲೆಯ ಬೆಕ್ಕಿನಲ್ಲಿ ಹಸಿವು ಹೋಗುವುದು ಹಸಿವು ಇರುವುದಕ್ಕಿಂತ ಕೆಟ್ಟದ್ದು.

ಮನುಷ್ಯರ ಸಕ್ಕರೆ ಕಾಯಿಲೆಯ ಮಾತ್ರೆಗಳ ವಿಷಯದಲ್ಲೂ ಇದೇ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬೆಕ್ಕುಗಳಿಗೆಂದೇ ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು, ಮರುವರ್ಷ ವೆಲಾಗ್ಲಿಫ್ಲೋಜಿನ್ ಎಂಬ ದ್ರವಕ್ಕೆ. ಅದನ್ನು ಓದಿ ಮನೆಯ ಹಿರಿಯರ ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನು ಮುರಿದು ಕೊಡಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಆ ಬಗೆಯ ಔಷಧದಲ್ಲಿ ರಕ್ತದ ಸಕ್ಕರೆ ಸರಿಯಾಗಿ ಕಾಣುತ್ತಿರುವಾಗಲೇ ಕೀಟೋನ್ ಏರಿ ಬೆಕ್ಕು ಸಾಯಬಹುದು. ಆಯ್ದ ಬೆಕ್ಕುಗಳಿಗೆ, ರಕ್ತ ಪರೀಕ್ಷೆಗಳ ಕಾವಲಿನಲ್ಲಿ ಮಾತ್ರ ಅದನ್ನು ಕೊಡುತ್ತಾರೆ.


ಗದ್ದೆಬದಿ, ಅಂಕೋಲಾ

ಊಟದ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ನಮ್ಮ ಕಡೆ ಬೆಕ್ಕು ಎಂದರೆ ಅನ್ನ ಮತ್ತು ಮೀನು. ಅನ್ನ ಬಿಟ್ಟು ಬರೀ ಮೀನು ಹಾಕಿದರೆ ಆಯಿತೇ? ಮೀನು ಸಿಗದ ಜೂನ್, ಜುಲೈನಲ್ಲಿ ಏನು ಮಾಡುವುದು? ಅಂಗಡಿಯ ಕಾಳು ಒಳ್ಳೆಯದೋ ಕೆಟ್ಟದ್ದೋ?


ತೋಟದ ಬೇಲಿ, ಶಿರಸಿ

ಕಾಳಿನಿಂದ ಶುರುಮಾಡುತ್ತೇನೆ. ಚೀಲದ ಹಿಂದೆ ಪ್ರೋಟೀನು, ಕೊಬ್ಬು, ನಾರು, ತೇವಾಂಶ, ಬೂದಿ ಎಂದು ಬರೆದಿರುತ್ತಾರೆ, ಪಿಷ್ಟ ಎಷ್ಟು ಎಂದು ಮಾತ್ರ ಬರೆಯುವುದಿಲ್ಲ. ಎಲ್ಲವನ್ನೂ ಕೂಡಿಸಿ ನೂರರಿಂದ ಕಳೆಯಿರಿ. ಪ್ರೋಟೀನು 32, ಕೊಬ್ಬು 12, ನಾರು 4, ತೇವಾಂಶ 10, ಬೂದಿ 8 ಎಂದಿದ್ದರೆ ಮೊತ್ತ 66, ಉಳಿದ 34 ಪಿಷ್ಟ. ಕ್ಯಾಲೊರಿಯ ಲೆಕ್ಕದಲ್ಲಿ ಅದು ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಬೇಕಾದದ್ದು ಹತ್ತು ಹನ್ನೆರಡು ಶೇಕಡಾದ ಆಸುಪಾಸು. ಚೀಲದ ಮೇಲೆ ಎಂಥ ಚೆಂದದ ಬೆಕ್ಕಿನ ಚಿತ್ರವಿದ್ದರೂ ಈ ಕಳೆಯುವ ಲೆಕ್ಕ ತಪ್ಪುವುದಿಲ್ಲ. ಮೆತ್ತಗಿನ ಪೊಟ್ಟಣದ ಆಹಾರದಲ್ಲಿ ಪಿಷ್ಟ ಸಾಮಾನ್ಯವಾಗಿ ಕಡಿಮೆ, ನೀರೂ ಹೆಚ್ಚು. ಆದರೆ ಗ್ರೇವಿಯದ್ದು ಬೇಡ, ಗ್ರೇವಿ ಗಟ್ಟಿಯಾಗಲು ಹಿಟ್ಟು ಹಾಕಿರುತ್ತಾರೆ.

ನಮ್ಮ ಸಸ್ಯಾಹಾರದ ಮನೆಯಲ್ಲಿ ಕೋಳಿ ಬೇಯಿಸುವ ಪ್ರಶ್ನೆಯೇ ಇರಲಿಲ್ಲ. ಪೊಟ್ಟಣ ಕತ್ತರಿಸಿದರೆ ಒಳಗಿನದು ಕಾಣುತ್ತದೆ ಎಂದು ಆಯಿ ಅದನ್ನೂ ಜಗುಲಿಯ ಆಚೆಗೇ ಇಡಿಸಿದರು. ಕೆಲವು ದಿನಗಳಲ್ಲಿ ಸೋಮ ಮೈ ತುಂಬಿಕೊಂಡದ್ದನ್ನು ಕಂಡ ಮೇಲೆ "ಇವತ್ತು ಅವನಿಗೆ ಪೊಟ್ಟಣ ಹಾಕಿದೆಯಾ" ಎಂದು ಅವರೇ ಕೇಳತೊಡಗಿದರು. ರಕ್ತ ಅಳೆದ ಮೇಲಿನ ಕೋಳಿಯ ಚೂರಿಗೆ ಪಕ್ಕದ ಮನೆಯವರನ್ನು ಆಶ್ರಯಿಸಿದ್ದೆ, ಅದು ಬೇರೆ ಕಥೆ.


ಶರಾವತಿ ಪಶುವೈದ್ಯ, ಹೊನ್ನಾವರ

ಮೀನಿನ ಬಗ್ಗೆ ನಾನು ಸೇರಿಸುತ್ತೇನೆ. ಬೇಯಿಸಿ ಮುಳ್ಳು ತೆಗೆದ ಬಂಗಡೆ, ತಾರ್ಲೆ ಕೊಡಬಹುದು, ಅವುಗಳಲ್ಲಿ ಪಿಷ್ಟ ಇಲ್ಲವೇ ಇಲ್ಲ. ಹಸಿ ಮೀನೇ ದಿನಾ ಬೇಡ. ಹಲವು ಬಗೆಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವ ಇರುತ್ತದೆ, ಬೇಯಿಸಿದರೆ ಅದು ನಾಶವಾಗುತ್ತದೆ. ಬರೀ ಎಣ್ಣೆ ಮೀನಿನ ಮೇಲೆ ತಿಂಗಳುಗಟ್ಟಲೆ ಬೆಕ್ಕನ್ನು ಸಾಕಿದರೆ ಇ ಜೀವಸತ್ವ ಕಡಿಮೆಯಾಗಿ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ತುತ್ತಾಗುತ್ತದೆ, ಮುಟ್ಟಿದರೂ ನೋವು. ಒಣಮೀನಿನಲ್ಲಿ ಉಪ್ಪು ವಿಪರೀತ. ಸಾರಿನೊಳಗಿನ ಮೀನಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಇಳಿಯುವುದಿಲ್ಲ, ಮೀನಿನ ಬೆಲೆ ಗಗನಕ್ಕೆ. ಆಗ ಚರ್ಮ ತೆಗೆದು ಬೇಯಿಸಿದ ಕೋಳಿ, ಬೇಯಿಸಿದ ಮೊಟ್ಟೆ. ಮನೆಯ ಅಡುಗೆಯನ್ನೇ ಪೂರ್ತಿ ಆಹಾರ ಮಾಡುವುದಾದರೆ ಕ್ಯಾಲ್ಸಿಯಂ, ಟಾರಿನ್ (ಬೆಕ್ಕಿಗೆ ಆಹಾರದಿಂದಲೇ ಸಿಗಬೇಕಾದ ಪೋಷಕಾಂಶ) ಸೇರಿಸದೆ ನಡೆಯದು. ಪಿತ್ತಜನಕಾಂಗ ವಾರಕ್ಕೊಮ್ಮೆ ಒಂದು ಚೂರು, ಅದಕ್ಕಿಂತ ಹೆಚ್ಚಾದರೆ ಎ ಜೀವಸತ್ವದ ವಿಷ.

ಇದನ್ನು ಮಾತ್ರ ಮರೆಯಬೇಡಿ: ಇನ್ಸುಲಿನ್ ನಡೆಯುತ್ತಿರುವಾಗ ಅನ್ನವನ್ನು ಒಮ್ಮೆಲೇ ನಿಲ್ಲಿಸಬಾರದು. ಅನ್ನ ಹೋದರೆ ಸಕ್ಕರೆ ನೂರರಷ್ಟು ಇಳಿದರೂ ಅಚ್ಚರಿಯಿಲ್ಲ. ಅದೇ ಡೋಸ್ ಮುಂದುವರಿದರೆ ಬೆಕ್ಕು ಆ ರಾತ್ರಿಯೇ ಬೀಳುತ್ತದೆ. ಡಾಕ್ಟರಿಗೆ ಮೊದಲೇ ಹೇಳಿ ಡೋಸ್ ಇಳಿಸಿಕೊಂಡು, ಅಳೆಯುತ್ತ, ಒಂದು ವಾರ ಹತ್ತು ದಿನದಲ್ಲಿ ಬದಲಾಯಿಸಿ.


ಕೋಡಿಬಾಗದ ಕಿಟಕಿ, ಕಾರವಾರ

ಭಾನುವಾರ ಅಳೆದೆವು. ನಾನು ಕಿವಿ ಹಿಡಿದೆ, ಅತ್ತೆ ಚುಚ್ಚಿದರು, ಅವರ ಕೈ ಪಳಗಿದ್ದು. ಅಂಕಿಗಳು ಇಲ್ಲಿವೆ.

ಬೆಳಿಗ್ಗೆ 7ಕ್ಕೆ, ಇನ್ಸುಲಿನ್ ಮೊದಲು: 318
9ಕ್ಕೆ: 236
11ಕ್ಕೆ: 121
ಮಧ್ಯಾಹ್ನ 1ಕ್ಕೆ: 58
3ಕ್ಕೆ: 97
5ಕ್ಕೆ: 274
ಸಂಜೆ 7ಕ್ಕೆ: 346

ಒಂದು ಗಂಟೆಗೆ ಎಂದಿನಂತೆ ಕೂಗುತ್ತಿದ್ದ. ಕಿವಿ ಹಿಡಿದಾಗ ಬೆನ್ನ ಮೇಲಿನ ಚರ್ಮ ಸಣ್ಣಗೆ ನಡುಗುತ್ತಿತ್ತು, ಕಣ್ಣಿನ ಪಾಪೆ ಅಗಲವಾಗಿತ್ತು. 58 ಕಂಡ ಕೂಡಲೇ ಅತ್ತೆ ಮಾತಿಲ್ಲದೆ ಎದ್ದು ಬೇಯಿಸಿದ ಮೀನು, ಎರಡು ಚಮಚ ಗಂಜಿ ತಂದರು. ಆ ಗಂಜಿಗೆ ನಾನು ಬೇಡ ಎನ್ನಲಿಲ್ಲ.


ಶರಾವತಿ ಪಶುವೈದ್ಯ, ಹೊನ್ನಾವರ

ನಿಮ್ಮ ಅತ್ತೆ ಮಾಡಿದ್ದು ಸರಿ.

ಬೆಳಿಗ್ಗೆ, ಸಂಜೆಯ ಅಂಕಿಗಳನ್ನಷ್ಟೇ ನೋಡಿದವರು "ಇನ್ನೂ ಮುನ್ನೂರರ ಮೇಲಿದೆ, ಏರಿಸೋಣ" ಎನ್ನುತ್ತಾರೆ. ನಡುವಿನ 58 ಅವರಿಗೆ ಕಾಣುವುದೇ ಇಲ್ಲ. ಸಕ್ಕರೆ ತೀರಾ ಬಿದ್ದಾಗ ದೇಹ ತಾನೇ ಪಿತ್ತಜನಕಾಂಗದಿಂದ ಸಕ್ಕರೆ ಸುರಿದು ಮೇಲಕ್ಕೆ ಚಿಮ್ಮಿಸುತ್ತದೆ ಎಂಬುದು ಹಳೆಯ ವಿವರಣೆ. ಗ್ಲಾರ್ಜಿನ್ ಪಡೆಯುವ ಬೆಕ್ಕುಗಳಲ್ಲಿ ಅದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದರಲ್ಲಿ ತಜ್ಞರ ನಡುವೆ ಜಗಳ ಇದೆ. ಆ ಜಗಳ ನಮಗೆ ಬೇಡ. ಮನುಷ್ಯರ ಯಂತ್ರ ಸ್ವಲ್ಪ ಕಡಿಮೆ ತೋರಿಸುತ್ತದೆ ಎಂದು ಬಿಟ್ಟುಕೊಟ್ಟರೂ 58 ಕಂಡಾಗ ಯಾವ ವೈದ್ಯನೂ ಡೋಸ್ ಏರಿಸುವುದಿಲ್ಲ. ತಳದ ಅಂಕಿ 80ರಿಂದ 150ರ ನಡುವೆ ಇರಬೇಕು ಎಂಬುದು ಗುರಿ.

ಇಂದೇ ಈ ಕಾಗದ ನಿಮ್ಮ ಡಾಕ್ಟರಿಗೆ ತೋರಿಸಿ. ಇಳಿಸುವುದು ಎಷ್ಟು ಎಂದು ಅವರು ಹೇಳಲಿ. ಇಳಿಸಿದ ಮೇಲೆ ಕನಿಷ್ಠ ಐದರಿಂದ ಏಳು ದಿನ ಮತ್ತೆ ಡೋಸ್ ಮುಟ್ಟಬೇಡಿ. ಗ್ಲಾರ್ಜಿನ್ ನೆಲೆಗೊಳ್ಳಲು ಸಮಯ ತೆಗೆದುಕೊಳ್ಳುತ್ತದೆ, ದಿನಕ್ಕೊಂದು ಬದಲಾವಣೆ ಮಾಡಿದರೆ ಏನೂ ಅರ್ಥವಾಗುವುದಿಲ್ಲ.


ಕಾಡುಹಾದಿ, ಯಲ್ಲಾಪುರ

ಬೆಕ್ಕು ಬಿದ್ದೇಬಿಟ್ಟರೆ ಏನು ಮಾಡುವುದು? ನಮ್ಮಲ್ಲಿಂದ ಆಸ್ಪತ್ರೆಗೆ ಘಟ್ಟದ ದಾರಿ. ಮತ್ತೆ, ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ ಹೋದರೆ ಎರಡು ದಿನ ಬರುವುದಿಲ್ಲ. ಫ್ರಿಜ್ ನಂಬುವ ಹಾಗಿಲ್ಲ.


ತೋಟದ ಬೇಲಿ, ಶಿರಸಿ

ಮೊದಲನೆಯದಕ್ಕೆ ನಮ್ಮ ಮನೆಯ ಉತ್ತರ ಜೋನಿ ಬೆಲ್ಲ ಮತ್ತು ಜೇನುತುಪ್ಪ. ಈ ಜಿಲ್ಲೆಯಲ್ಲಿ ಅವೆರಡೂ ಇಲ್ಲದ ಮನೆ ಯಾವುದು? ಸೂಜಿಯ ಡಬ್ಬಿಯ ಪಕ್ಕದಲ್ಲೇ ಒಂದು ಚಿಕ್ಕ ಸೀಸೆಯಲ್ಲಿ ಜೇನು ಇಟ್ಟಿರುತ್ತಿದ್ದೆ.

ಬೆಕ್ಕು ತೂರಾಡುತ್ತಿದೆ ಆದರೆ ನುಂಗುತ್ತದೆ ಎಂದಾದರೆ ಮೊದಲು ಊಟ ಕೊಡಿ. ಬಿದ್ದು ಕೈಕಾಲು ಬಡಿಯುತ್ತಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬೆರಳ ತುದಿಗೆ ಜೇನು ತೆಗೆದುಕೊಂಡು ತುಟಿಯನ್ನು ಎತ್ತಿ ವಸಡಿಗೆ ಸವರಿ. ಹಲ್ಲಿನ ನಡುವೆ ಬೆರಳು ಹೋಗದಂತೆ ನೋಡಿಕೊಳ್ಳಿ. ತಲೆ ಎತ್ತಿದ ಮೇಲೆ ಊಟ, ಆಮೇಲೆ ಆಸ್ಪತ್ರೆ. ಚೇತರಿಸಿಕೊಂಡಿತು ಎಂದು ಮನೆಯಲ್ಲೇ ಉಳಿಯಬೇಡಿ. ಇನ್ಸುಲಿನ್ ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ, ಮತ್ತೆ ಬೀಳಬಹುದು.


ಗುಳಿಗೆ ಡಬ್ಬಿ, ಕುಮಟಾ

ಜೋನಿ ಬೆಲ್ಲಕ್ಕಿಂತ ಜೇನು, ಜೇನಿಗಿಂತ ಗ್ಲೂಕೋಸ್ ಪುಡಿಯ ಗಟ್ಟಿ ನೀರು ಬೇಗ ಕೆಲಸ ಮಾಡುತ್ತದೆ. ಆದರೆ ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದೇ ಔಷಧ.

ವಿದ್ಯುತ್ತಿನ ಭಯ ಬೇಡ. ತೆರೆದ ಗ್ಲಾರ್ಜಿನ್ ಸೀಸೆಯನ್ನು 30 ಡಿಗ್ರಿ ಮೀರದ ಜಾಗದಲ್ಲಿ 28 ದಿನ ಇಡಬಹುದು ಎಂದು ತಯಾರಕರೇ ಹೇಳುತ್ತಾರೆ. ಯಲ್ಲಾಪುರದ ಮಳೆಗಾಲದಲ್ಲಿ 30 ಡಿಗ್ರಿ ಯಾವ ಮನೆಯೊಳಗಿದೆ? ತೆರೆಯದ ಸೀಸೆಗೆ ಮಾತ್ರ 2ರಿಂದ 8 ಡಿಗ್ರಿ ಬೇಕು. ಕರಾವಳಿಯ ಏಪ್ರಿಲ್, ಮೇ ತಿಂಗಳಿನಲ್ಲಿ ಆಟ ಬೇರೆ. ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ಅದರೊಳಗೆ ಮುಚ್ಚಿದ ಡಬ್ಬಿಯಲ್ಲಿ ಸೀಸೆ ಇಡಿ. ಐಸಿನ ಮೇಲೆ ನೇರವಾಗಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕಸಕ್ಕೆ. ತಿಳಿಯಾಗಿದ್ದದ್ದು ಮಬ್ಬಾಗಿ ಕಂಡರೂ ಕಸಕ್ಕೇ.


ರಾತ್ರಿಪಾಳಿ, ಭಟ್ಕಳ

ನಮ್ಮ ಹೆಣ್ಣು ಬೆಕ್ಕಿನ ಅನುಭವವೂ ಇರಲಿ. ಸಕ್ಕರೆ ಹಿಡಿತಕ್ಕೆ ಬಂದ ಮೇಲೂ ಹಸಿವು ಹೋಗಲಿಲ್ಲ, ತೂಕ ಇಳಿಯುತ್ತಲೇ ಇತ್ತು, ರಾತ್ರಿಯಿಡೀ ಓಡಾಟ. ಕೊನೆಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿದಾಗ ಅದು ಅತಿಯಾಗಿತ್ತು. ವಯಸ್ಸಾದ ಬೆಕ್ಕಿಗೆ ಎರಡೂ ಒಟ್ಟಿಗೆ ಬರುತ್ತದೆ ಎಂದರು. ಹಲ್ಲಿನ ಕೀವು, ಮೂತ್ರದ ಸೋಂಕು ಇದ್ದರೂ ಇನ್ಸುಲಿನ್ ಕೆಲಸ ಮಾಡುವುದಿಲ್ಲವಂತೆ.

ಡಾಕ್ಟರೇ, ಹಸಿವೂ ಇದೆ, ತೂಕವೂ ಏರುತ್ತಿದೆ, ಇನ್ಸುಲಿನ್ ಎಷ್ಟು ಕೊಟ್ಟರೂ ಸಾಲದು ಎಂಬ ಬೆಕ್ಕೊಂದು ನಮ್ಮ ನೆಂಟರ ಮನೆಯಲ್ಲಿದೆ. ಮುಖವೂ ಅಗಲವಾಗಿದೆ. ಇದೇನು?


ಶರಾವತಿ ಪಶುವೈದ್ಯ, ಹೊನ್ನಾವರ

ತಲೆಬುರುಡೆಯೊಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಗಂಟು ಬೆಳೆದು ಬೆಳವಣಿಗೆಯ ಹಾರ್ಮೋನು ಅತಿಯಾದರೆ ಹೀಗಾಗುತ್ತದೆ. ಆ ಹಾರ್ಮೋನಿನ ಜೊತೆಗೆ ರಕ್ತದಲ್ಲಿ ಏರುವ ಐಜಿಎಫ್-1 ಎಂಬ ಅಂಶದ ಪರೀಕ್ಷೆ ಮಾಡಿಸಲು ಹೇಳಿ. ಅಪರೂಪದ್ದು ಎಂದು ಮೊದಲು ಎಲ್ಲರೂ ಅಂದುಕೊಂಡಿದ್ದೆವು. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯ ಬೆಕ್ಕುಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಾಲ್ಕರಲ್ಲಿ ಒಂದರಷ್ಟು ಬೆಕ್ಕುಗಳಲ್ಲಿ ಈ ಅಂಶ ಏರಿತ್ತು. ತೂಕ ಇಳಿಯುವ ಹಸಿವು ಒಂದು ಬಗೆ, ತೂಕ ಏರುವ ಹಸಿವು ಇನ್ನೊಂದು ಬಗೆ. ಅದಕ್ಕೇ ವಾರಕ್ಕೊಮ್ಮೆ ತೂಗಿ ಎಂದು ಬೊಬ್ಬೆ ಹೊಡೆಯುವುದು.


ಬಂದರು ಗಾಳಿ, ಬೈತಖೋಲ

ತೂಗಲು ನಮ್ಮ ಮೀನಿನ ನೇತು ತಕ್ಕಡಿ ಆಗುತ್ತದೆ. ಬೆಕ್ಕನ್ನು ಬಟ್ಟೆಯ ಚೀಲಕ್ಕೆ ಹಾಕಿ ಕೊಕ್ಕೆಗೆ ಸಿಕ್ಕಿಸಿದರೆ ಹತ್ತು ಗ್ರಾಂವರೆಗೆ ತೋರಿಸುತ್ತದೆ. ಚೀಲದ ತೂಕ ಕಳೆಯಿರಿ. ಮೊದಲು ನಕ್ಕವನು ನಾನೇ, ಈಗ ಧಕ್ಕೆಯ ಒಂದು ಬೆಕ್ಕು ಹಿಂಗಾಲನ್ನು ಹಿಮ್ಮಡಿಯವರೆಗೆ ಊರಿ ನಡೆಯುವುದನ್ನು ಕಂಡು ಕೇಳುತ್ತಿದ್ದೇನೆ. ಇದೂ ಅದೇ ಕಾಯಿಲೆಯೇ?


ಶರಾವತಿ ಪಶುವೈದ್ಯ, ಹೊನ್ನಾವರ

ಬಹುಮಟ್ಟಿಗೆ ಹೌದು. ಸಕ್ಕರೆ ಏರಿ ಏರಿ ಹಿಂಗಾಲಿನ ನರ ಸೋತಾಗ ಬೆಕ್ಕು ಹಾಗೆ ನಡೆಯುತ್ತದೆ. ಚಿಕಿತ್ಸೆ ಸಿಕ್ಕರೆ ಎಷ್ಟೋ ಬೆಕ್ಕುಗಳ ನಡಿಗೆ ನಿಧಾನವಾಗಿ ಸರಿಯಾಗುತ್ತದೆ. ಹಿಡಿದು ತರಲು ಆಗುತ್ತದೆಯೇ?


ಬಂದರು ಗಾಳಿ, ಬೈತಖೋಲ

ತಾರ್ಲೆ ತೋರಿಸಿದರೆ ಎಲ್ಲಿಗೆ ಬೇಕಾದರೂ ಬರುತ್ತದೆ.


ಕೋಡಿಬಾಗದ ಕಿಟಕಿ, ಕಾರವಾರ

ಕೆಲವು ವಾರದ ಬಳಿಕ ಬರೆಯುತ್ತಿದ್ದೇನೆ. ನಮ್ಮ ಡಾಕ್ಟರು ಕಾಗದವನ್ನು ಬಹಳ ಹೊತ್ತು ನೋಡಿ ಡೋಸನ್ನು ಒಂದೂವರೆಗೆ ಇಳಿಸಿದರು. ಗಂಜಿ ನಿಲ್ಲಿಸುವಾಗ ಮತ್ತೆ ಒಂದಕ್ಕೆ. ಈಗ ಬೆಳಿಗ್ಗೆಯ ಅಂಕಿ 210ರ ಸುತ್ತ, ತಳ 110ರ ಸುತ್ತ. ಮೂತ್ರಕ್ಕೆ ಇರುವೆ ಬರುವುದು ನಿಂತಿದೆ.

ಹಸಿವು ಪೂರ್ತಿ ಹೋಗಿಲ್ಲ. ಒಂದು ಗಂಟೆಯ ಆ ನಡುಕದ ಕೂಗು ಮಾತ್ರ ಇಲ್ಲ. ದಿನದ ಆಹಾರವನ್ನು ಬೆಳಿಗ್ಗೆಯೇ ತೂಗಿ ಐದು ಡಬ್ಬಿ ಮಾಡಿ ಇಡುತ್ತೇವೆ, ಗ್ಲಾರ್ಜಿನ್ ಇದ್ದರೆ ಹೀಗೆ ಚೂರುಚೂರಾಗಿ ಕೊಡಬಹುದು ಎಂದರು. ಅತ್ತೆಗೆ ಈಗ ಕೊಡುವ ಸಂತೋಷವೂ ಇದೆ, ಲೆಕ್ಕವೂ ತಪ್ಪುವುದಿಲ್ಲ. ಐದನೆಯ ಡಬ್ಬಿ ರಾತ್ರಿ ಹತ್ತಕ್ಕೆ, ಅದು ಅವರದೇ ಪಾಲು.

ಶಿರಸಿಯ ಅಕ್ಕ, ಸೋಮನಿಗೆ ಇನ್ಸುಲಿನ್ ನಿಂತಿತೇ?


ತೋಟದ ಬೇಲಿ, ಶಿರಸಿ

ನಿಂತಿತು. ಕಾಯಿಲೆ ಗೊತ್ತಾದ ಮೊದಲ ಆರು ತಿಂಗಳೊಳಗೆ ಬಿಗಿಯಾಗಿ ಹಿಡಿತಕ್ಕೆ ತಂದರೆ ಇನ್ಸುಲಿನ್ ಬಿಡುವ ಸಾಧ್ಯತೆ ಹೆಚ್ಚು ಎಂದು ನಮ್ಮ ಡಾಕ್ಟರು ಹೇಳಿದ್ದರು. ಆದರೆ ವಾಸಿಯಾಯಿತು ಎಂದು ತಿಳಿಯಬೇಡಿ. ಹಾಲನ್ನಕ್ಕೆ ಮರಳಿದರೆ ಸಕ್ಕರೆಯೂ ಮರಳುತ್ತದೆ. ಈಗಲೂ ಆಗಾಗ ಕಿವಿ ಚುಚ್ಚುತ್ತೇನೆ. ಡೋಸನ್ನು ನೀವಾಗಿಯೇ ಇಳಿಸಿ ನಿಲ್ಲಿಸಬೇಡಿ. ತಳ ಇಳಿಯುತ್ತ ಬಂದರೆ ಡಾಕ್ಟರಿಗೆ ಹೇಳಿ, ಅರ್ಧರ್ಧ ಯೂನಿಟ್ ಇಳಿಸುತ್ತಾರೆ.


ಕೋಡಿಬಾಗದ ಕಿಟಕಿ, ಕಾರವಾರ

ಅರ್ಧ ಯೂನಿಟ್ ಎಂದಾಗ ನೆನಪಾಯಿತು. ನಮ್ಮ ಸಿರಿಂಜಿನಲ್ಲಿ ಅರ್ಧದ ಗೆರೆ ಇಲ್ಲ, ಕಣ್ಣಂದಾಜಿನಲ್ಲಿ ಎಳೆಯುತ್ತಿದ್ದೇವೆ. ಕಾರವಾರದಲ್ಲಿ ಕೇಳಿದ ಕಡೆಯೆಲ್ಲ ಇಲ್ಲ ಎಂದರು.


ಗುಳಿಗೆ ಡಬ್ಬಿ, ಕುಮಟಾ

0.3 ಮಿಲಿಲೀಟರಿನ ಸಿರಿಂಜಿನಲ್ಲಿ ಅರ್ಧ ಯೂನಿಟ್ ಗೆರೆ ಇರುವ ಬಗೆ ಸಿಗುತ್ತದೆ, ಮಕ್ಕಳಿಗೆ ಬಳಸುವಂಥದ್ದು. ಅಂಗಡಿಗಳಲ್ಲಿ ಇಟ್ಟಿರುವುದಿಲ್ಲ, ತರಿಸಬೇಕು. 100 ಎಂದು ಬರೆದಿರುವುದನ್ನೇ ಕೇಳಿ. ಡಾಕ್ಟರ ಚೀಟಿಯ ಚಿತ್ರ ಕಳಿಸಿ, ಸಗಟು ವ್ಯಾಪಾರಿಗೆ ಹೇಳುತ್ತೇನೆ. ಬಂದ ಮೇಲೆ ಕಾರವಾರದ ಬಸ್ಸಿನಲ್ಲಿ ಹಾಕಿಬಿಡುತ್ತೇನೆ.